ವಾರ್ನಿಶ್ ಬಳಿದ ಸೌಟು

ಅರಿಷಿಣದ ನೀರಿನಲ್ಲಿ ಕುದಿಸಿದ ಸೌಟುಗಳನ್ನು ಒಂದೊಂದೇ ತೆಗೆದು ಅರಿವೆಯಿಂದ ಒರೆಸುತ್ತಿದ್ದೆ. ನಾನು ಕೆತ್ತುವುದು ಬೇವಿನ ಕಟಗಿ. ಕೆತ್ತಿದ ಕೂಡಲೇ ಮಾರುವಂಥದ್ದಲ್ಲ, ಅದರ ಕಹಿ ಹೋಗಬೇಕು. ಕುದಿಸಿ, ನೆರಳಿಗೆ ಒಣಗಿಸಿ, ಅದೇ ಸೌಟಿನಿಂದ ಅಂಬಲಿ ತಿರುವಿ, ಕೆತ್ತಿದವರೇ ಕುಡಿದು ನೋಡಬೇಕು. ಕಹಿ ಹತ್ತಿದರೆ ಮತ್ತೆ ನೀರಿಗೆ. ನಮ್ಮವ್ವ ಹೀಗೇ ಮಾಡುತ್ತಿದ್ದಳು. ಕಹಿ ಅಂಬಲಿ ಕುಡಿದು ಕುಡಿದೇ ಸಕ್ರವ್ವನ ಮಾರಿ ಹಿಂಗಾಗೇತಿ ಅಂತ ಓಣಿಯವರು ನನ್ನ ನೋಡಿ ನಗುತ್ತಾರೆ.

ಶಿರೂರಿನ ಅಬೇದಾ ಬಂದದ್ದು ಆಗಲೇ. ಕೂಡು ಅಂದರೂ ಕೂಡಲಿಲ್ಲ. ಚೀಲದಿಂದ ಒಂದು ಸೌಟು ತೆಗೆದು ನನ್ನ ಮುಂದೆ ಒಗೆದಳು.

“ಮೊಮ್ಮಗಗ ಮೊದಲನೇ ಗಂಜಿ ಮಾಡಾಕ ನಿನ್ನ ಸೌಟೇ ಬೇಕಂತ ಬಾದಾಮಿ ಅಂಗಡ್ಯಾಗ ತಗೊಂಡೆ. ಗಂಜಿ ತುಂಬ ಸಿಪ್ಪಿ ತೇಲಾಡಿದ್ವು. ಬೀಗರ ಮುಂದ ಅಷ್ಟೂ ಚೆಲ್ಲಿದೆ. ಕಣ್ಣು ಕಾಣವಲ್ದು ಅಂದ್ರ ಕೆತ್ತೂದು ಬಿಡಬೇಕಿಲ್ಲೇನು ಸಕ್ರವ್ವಾ?”

ಕೆತ್ತನೆ ನನ್ನದೇ. ಮೇಲೆ ವಾರ್ನಿಶ್ ಬಳಿದಿದ್ದರು. ಬಿಸಿಗೆ ಅದು ಸುಲಿದು ಎದ್ದಿತ್ತು. ಹಿಡಿಕೆಗೆ ಕಟ್ಟಿದ ಚೀಟಿಯಲ್ಲಿ ನನ್ನ ಫೋಟೋ, ನನ್ನ ಹೆಸರು.

“ಇದನ್ನ ನಾ ಬಳದಿಲ್ಲ ಅಬೇದಾ.”

“ಹೆಸರು ನಿಂದೈತಲ್ಲ. ಮತ್ತ್ಯಾರನ್ನ ಬೈಲಿ?”

ಬೇರೆ ಸೌಟು ಕೊಟ್ಟೆ. ತಗೊಂಡಳು, ಚಾ ಮಾತ್ರ ಬ್ಯಾಡ ಅಂದಳು.

ನನ್ನ ತಮ್ಮನ ಮಗ ಕಲ್ಲೇಶ ನಾನು ಕೆತ್ತಿದ್ದನ್ನು ಗಾಡಿ ಮೇಲೆ ಒಯ್ದು ಬಾದಾಮಿಯ ದೇವಪ್ಪನ ಅಂಗಡಿಗೆ ಹಾಕುತ್ತಾನೆ. ಆ ವಾರ್ನಿಶ್ ಹೊಳಪು ನನ್ನ ಕಣ್ಣಿಗೆ ಬಿದ್ದದ್ದು ದೀಪಾವಳಿಯಲ್ಲಿ ಅಂಗಡಿಗೆ ಹೋದಾಗ. ಕೇಳಿದರೆ ದೇವಪ್ಪ, “ಗುಹೆ ನೋಡಾಕ ಬಂದವರು ಇದರಾಗ ಅಡಿಗಿ ಮಾಡ್ತಾರೇನಬೇ? ಗ್ವಾಡಿಗೆ ತೂಗಹಾಕ್ತಾರ” ಅಂದ. ಫೋನು ಮಾಡಿದಾಗೆಲ್ಲ “ಆತು ಆತು” ಅನ್ನುವನು, ಮರುದಿನ ಮತ್ತೆ ಬಳಿಯುವನು. ಕಡೆಗೆ ಅವನಿಗೆ ಕಾಗದ ಬರೆದೆ. ನಾನು ಅಕ್ಷರ ಕಲಿತದ್ದೇ ಮುದುಕಿಯಾದ ಮೇಲೆ, ರಾತ್ರಿ ಸಾಲಿಯಲ್ಲಿ. ಒಂದು ಹಾಳೆ ತುಂಬಲು ವಾರ ಹಿಡಿಯಿತು. ಪೋಸ್ಟಿಗೆ ಹಾಕಲು ಹೊರಟರೆ ಕಲ್ಲೇಶ ಕೈ ಹಿಡಿದ. ಇಷ್ಟು ದಿನ ತಡೆದೆ. ಸಕ್ರವ್ವಗ ಭಾಳ ತಾಳ್ಮಿ ಅಂತ ಊರು ಹೊಗಳುತ್ತದೆ. ಆ ತಾಳ್ಮೆಗೆ ಬೆಂಕಿ ಹತ್ತಲಿ, ಒಂದು ಕೂಸಿನ ಗಂಜಿ ಮಣ್ಣುಪಾಲಾಯಿತು.

ಸಂಜೆ ಕಲ್ಲೇಶ ಸೌಟು ಒಯ್ಯಲು ಬಂದ. ಎಲ್ಲ ಹೇಳಿ, ನಾಳೆ ಕಾಗದ ಹಾಕುತ್ತೇನೆ ಅಂದೆ.

“ಒಂದ ಸೌಟಿಗೆ ಇಷ್ಟ ಸಿಟ್ಟೇನತ್ತಿ? ಬ್ಯಾರೇ ಕೊಟ್ಟಿ, ಮುಗೀತಲ್ಲ.”

ಒಲೆ ಮೇಲಿನ ಅಂಬಲಿಯನ್ನು ಬಟ್ಟಲಿಗೆ ಸುರಿದು, ಅಬೇದಾ ಒಗೆದು ಹೋದ ಸೌಟಿನಿಂದಲೇ ಗರಗರ ತಿರುವಿ ಅವನ ಮುಂದಿಟ್ಟೆ.

“ಕುಡಿ.”

ಬಟ್ಟಲು ನೋಡಿದ. ನನ್ನನ್ನು ನೋಡಿದ. “ಹುಚ್ಚ ಹಿಡದೈತೇನು ನಿನಗ?”

“ನಿನ್ನ ಹೊಟ್ಟಿಗೆ ಬ್ಯಾಡಾದದ್ದು ಕೂಸಿನ ಹೊಟ್ಟಿಗೆ ನಡೀತೈತೇನು?”

“ಬಳದಾಂವ ದೇವಪ್ಪ.”

“ಒಯ್ದು ಕೊಟ್ಟಾಂವ ನೀ. ಬಳೀತಾನಂತ ಗೊತ್ತಿದ್ದೂ ಕೊಟ್ಟಿ.”

ಬಟ್ಟಲನ್ನು ಅತ್ತ ಸರಿಸಿದ. “ಕಾಗದ ಹಾಕಿದ್ರ ಆ ಅಂಗಡಿ ಬಾಗಲಾ ನನಗ ಮುಚ್ಚತೈತಿ ಅತ್ತಿ.”

“ಮುಚ್ಚಲಿ. ಹುನಗುಂದ, ಇಳಕಲ್ ಸಂತಿಗೆ ಮೊದಲಿನಂಗ ನಾನೇ ಹೊತಗೊಂಡ ಹೋಗ್ತೇನಿ. ಬರೂದಿದ್ರ ಬಾ, ಇಲ್ಲಾಂದ್ರ ಬಿಡು.”

ಬರಿಗಾಡಿ ಹೊಡಕೊಂಡು ಹೋದ. ಹೋಗುವಾಗ ಬರ್ತೇನಿ ಅನ್ನಲಿಲ್ಲ.

ಮುಂಜಾನೆ ಕಾಗದ ತೆಗೆದು ಓದಿದೆ. ನನ್ನ ಹೆಸರು, ಫೋಟೋ ತೆಗೆಯಿರಿ, ಉಳಿದ ಸೌಟು ತಿರುಗಿ ಕಳಿಸಿರಿ, ಇನ್ನು ಮುಂದೆ ಒಂದೂ ಕೊಡುವುದಿಲ್ಲ ಎಂದು ಬರೆದಿದ್ದೆ. ಅದರ ಕೆಳಗೆ ಅಬೇದಾಳ ಮೊಮ್ಮಗನ ಗಂಜಿಯ ಸಂಗತಿ ಸೇರಿಸಿದೆ. ಅಕ್ಷರ ಸೊಟ್ಟಾದವು. ತಿದ್ದಲಿಲ್ಲ.

ಬಾದಾಮಿ ಪೋಸ್ಟಿನಲ್ಲಿ ಕೂತ ಹುಡುಗಿ ವಿಳಾಸ ಓದಿ ತಲೆ ಎತ್ತಿದಳು. “ದೇವಪ್ಪನ ಅಂಗಡಿ ಇಲ್ಲೇ ಹತ್ತರ ಐತಲ್ಲಬೇ. ಕೈಯಾಗ ಕೊಟ್ರ ಆಗೂದಿಲ್ಲೇನು?”

“ಕೈಯಾಗ ಕೊಟ್ರ ಚಾ ಕುಡಿಸಿ ಕಿಸೆದಾಗ ಇಟಗೊಂಡ ಬಿಡ್ತಾನವ್ವ. ರಿಜಿಸ್ಟರ್ ಮಾಡು, ಸಹಿ ಮಾಡಿ ತಗೊಳ್ಳಲಿ.”

ಅವಳು ಚೀಟಿ ಅಂಟಿಸಿ, ಮುದ್ರೆ ಹೊಡೆದು, ಕಾಗದವನ್ನು ಬೆನ್ನ ಹಿಂದಿನ ಚೀಲಕ್ಕೆ ಎಸೆದಳು.