ಅಮ್ಮನ ರೇಡಿಯೊದಲ್ಲಿ ಕೇಳಿಸದವನು

ಮೂವತ್ತೊಂದು ವರ್ಷ ಕಿಂಗ್‌ಸ್ಟನ್ನಿನ ಸ್ಟುಡಿಯೊಗಳಲ್ಲಿ ಕಂಡಕಂಡವರ ಹಾಡಿಗೆಲ್ಲ ಬೇಸ್ ಗಿಟಾರ್ ನುಡಿಸಿದ್ದೇನೆ. ಬೆಳಿಗ್ಗೆ ಒಬ್ಬನಿಗೆ, ಮಧ್ಯಾಹ್ನ ಇನ್ನೊಬ್ಬನಿಗೆ. ಅರ್ಧಕ್ಕರ್ಧ ಹಾಡುಗಳನ್ನು ಬರೆದವನೂ ನಾನೇ. ರೆಕಾರ್ಡಿನ ಮೇಲೆ ಅಚ್ಚಾಗುವುದು ಮಾತ್ರ ಬಾಯಿ ತೆರೆದವನ ಹೆಸರು. ಅದು ಈ ಕಸುಬಿನ ಪದ್ಧತಿ, ಅದಕ್ಕೆ ನಾನು ತಲೆ ಕೆಡಿಸಿಕೊಂಡವನಲ್ಲ. ನನಗೆ ಮೈ ಉರಿಯುತ್ತಿದ್ದುದು ಅಮ್ಮನ ಅಡುಗೆಮನೆಯಲ್ಲಿ.

ಅಮ್ಮನ ಹೆಸರು ಐಸಿಲ್ಡಾ. ಎಂಬತ್ತಮೂರು ವರ್ಷ. ಅವಳ ಒಲೆಯ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟೇ ಇರುವ ರೇಡಿಯೊ ಒಂದಿದೆ. ಹಾಡುವವರ ದನಿ ಅದರೊಳಗಿಂದ ಸೊಳ್ಳೆಯ ಹಾಗೆ ಬರುತ್ತದೆ. ನನ್ನ ಬೇಸಿನ ದಪ್ಪ ತಂತಿಯ ನಾದಕ್ಕೆ ಅದರಲ್ಲಿ ಜಾಗವೇ ಇಲ್ಲ.

“ಎಗ್ಬರ್ಟ್, ಇದ್ರಲ್ಲಿ ನೀನೆಲ್ಲಿದ್ದೀಯಪ್ಪ?”

“ಕೆಳಗಡೆ ಗುಡುಗಿದ ಹಾಗೆ ಬರುತ್ತಲ್ಲಮ್ಮ, ಅದು.”

“ಏನೂ ಬರ್ತಿಲ್ಲ. ಹಾಡೋನು ಬರ್ತಾನೆ, ತಾಳ ಬರುತ್ತೆ. ಆ ಹೊತ್ತಿಗೆ ನೀನು ಊಟಕ್ಕೆ ಹೋಗಿದ್ದೆಯೇನೋ.”

ಆರು ವರ್ಷದ ಹಿಂದೆ ದೊಡ್ಡ ರೇಡಿಯೊ ಸೆಟ್ಟೊಂದನ್ನು ಹೊತ್ತು ತಂದುಕೊಟ್ಟೆ. ಹಾಳಾದೀತೆಂದು ಅದಕ್ಕೆ ಕ್ರೋಶಾ ಬಟ್ಟೆ ಹೊದಿಸಿ, ಮೇಲೆ ಗಾಜಿನ ಹಂಸವನ್ನು ಕೂರಿಸಿ, ಬಂದವರು ನೋಡಲಿ ಎಂದು ಮುಂದಿನ ಕೋಣೆಯಲ್ಲಿಟ್ಟಳು. ಪ್ಲಗ್ ಹಾಕಲಿಲ್ಲ. ಚರ್ಚಿನ ಹೆಂಗಸರು ಕೇಳಿದರೆ, “ನನ್ನ ಮಗ ಹಾಡುಗಾರರ ಹತ್ರ ಕೆಲಸಕ್ಕಿದ್ದಾನೆ” ಎನ್ನುತ್ತಾಳೆ. ಎಂತಹ ಕೆಲಸ ಎಂದು ಅವರೂ ಕೇಳುವುದಿಲ್ಲ, ಇವಳಿಗೂ ಗೊತ್ತಿಲ್ಲ. ನಾನು ಅವರ ಚೀಲ ಹೊರುತ್ತೇನೆಂದು ಊರು ತಿಳಿದಿರಬೇಕು.

ಅದಕ್ಕೇ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನದೇ ಆಲ್ಬಮ್ ಮಾಡಲು ಹೊರಟೆ. ರೆಕಾರ್ಡಿಂಗ್ ಮಾಡುವ ಕ್ಲೋವಿಸ್ ನನ್ನ ಹಳೆಯ ಗೆಳೆಯ. ಕೇಳಿದವನೇ ನಕ್ಕ.

“ಬರೀ ಬೇಸ್ ನುಡಿಸೋನ ಆಲ್ಬಮ್ ಯಾರು ಕೇಳ್ತಾರೋ? ಹಾಡೋರನ್ನ ಕರಿ. ಇಷ್ಟು ವರ್ಷ ಅವರ ಬೆನ್ನಿಗೆ ನಿಂತಿದ್ದೀಯ, ಒಂದು ದಿನ ಬರಲ್ವಾ?”

ಬಂದರು. ಬರದಿದ್ದರೇ ಚೆನ್ನಾಗಿತ್ತು. ಡೋರೆಟ್ ಬಂದು, ಕಡಲಿಗೆ ಹೋಗಿ ಹಿಂತಿರುಗದ ನಮ್ಮಪ್ಪನ ಮೇಲೆ ನಾನು ಬರೆದಿದ್ದ ಹಾಡನ್ನು ತನ್ನ ಹೊಸ ಗಂಡನ ಮೇಲಿನ ಹಾಡಾಗಿ ತಿರುಗಿಸಿ ಹಾಡಿ ಹೋದಳು. ಪ್ರಿನ್ಸ್ ಟ್ಯಾಂಬೊ ಎಂಬ, ತಾಳಕ್ಕೆ ಪ್ರಾಸದ ಮಾತು ಹೇಳುವ ಹಾಡುಗಾರ ನಾಲ್ಕು ದಿನ ತಡವಾಗಿ ಬಂದ. ಮೂರು ನಿಮಿಷದ ಹಾಡಿನಲ್ಲಿ ಹನ್ನೊಂದು ಸಲ ತನ್ನ ಹೆಸರನ್ನೇ ಹೇಳಿಕೊಂಡ.

“ನನ್ನ ಹೆಸರನ್ನೂ ಒಂದ್ಸಲ ಹೇಳಪ್ಪ, ಆಲ್ಬಮ್ ನಂದು” ಎಂದೆ.

“ಹೇಳ್ಬೋದಿತ್ತಣ್ಣ. ಎಗ್ಬರ್ಟ್ ಪಿನಾಕ್‌ಗೆ ಪ್ರಾಸ ಕೂಡಲ್ಲ.”

ಹೀಗೆ ಹತ್ತು ಹಾಡು ಹತ್ತು ಜನರ ಪಾಲಾದವು. ರೆಕಾರ್ಡಿನ ಹೊದಿಕೆಯ ಮೇಲೆ ಹತ್ತು ಮುಖಗಳು, ಹಿಂದುಗಡೆ ನನ್ನ ಗಿಟಾರಿನ ಚಿತ್ರ. ಗಿಟಾರಿನ ಹಿಂದೆ ನಾನಿದ್ದೇನಂತೆ. ಹುಡುಕಿದರೆ ಟೋಪಿ ಕಾಣುತ್ತದೆ.

ಹನ್ನೊಂದನೆಯದನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದನ್ನು ನಾನೇ ಹಾಡಿದೆ. ಹಾಡುವವರಷ್ಟೇ ಅಮ್ಮನಿಗೆ ಕೇಳಿಸುವುದಾದರೆ ನಾನೂ ಒಮ್ಮೆ ಹಾಡಿಬಿಡುತ್ತೇನೆ ಎಂಬ ಹಟ. ಅಮ್ಮ ನಮ್ಮನ್ನೆಲ್ಲ ಸಾಕಿದ್ದು ಶಾಲೆಯ ಯೂನಿಫಾರ್ಮ್ ಹೊಲಿದು. ಹಾಡು ಅವಳ ಹೊಲಿಗೆ ಮಶೀನಿನ ಮೇಲೆ. ಮೊದಲಿಗೆ ಹದಿನಾರು ಸುತ್ತು ಬೇಸ್ ಒಂದೇ, ಅವಳ ಕಾಲು ಪೆಡಲ್ ತುಳಿಯುತ್ತಿದ್ದ ನಡೆಯಲ್ಲಿ. ಆಮೇಲೆ ನನ್ನ ದನಿ.

ಕ್ಲೋವಿಸ್ ಕೇಳಿ ತಲೆ ಕೆರೆದುಕೊಂಡ. “ದನಿ ಮೊದ್ಲು ತಗೋ ಮಾರಾಯ. ಇಷ್ಟು ಒಳ್ಳೆ ಬೇಸ್ ಮುಂದೆ ಇಟ್ರೆ ಜನ ಹಾಡು ಮುಂದಕ್ಕೆ ಹೋಗೋಕೆ ಬಿಡಲ್ಲ.”

“ಬಿಡ್ತಾರೆ. ನೀನು ಸುಮ್ನಿರು.”

ಮೂವತ್ತೊಂದು ವರ್ಷ ಇದೇ ಕಸುಬಿನಲ್ಲಿ ಬದುಕಿದ ನಾನು ಆಡುವ ಮಾತೇ ಅದು? ನಮ್ಮ ಅಂಗಳದ ಕೂಟಗಳಲ್ಲಿ ಒಳ್ಳೆಯ ಹಾಡನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ. ಮೊದಲ ಸಾಲಿಗೇ ತಗಡಿನ ಬೇಲಿ ಬಡಿದು, ಕೈ ಬೀಸಿ, ಮತ್ತೆ ಮೊದಲಿಂದ ಹಾಕಿಸುತ್ತಾರೆ. ಪೂರ್ತಿ ಕೇಳಿಸುವುದು ಸಪ್ಪೆ ಹಾಡು ಮಾತ್ರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಅತ್ಯುತ್ತಮ ಬೇಸನ್ನು ನನ್ನ ದನಿಗೇ ಅಡ್ಡ ಇಟ್ಟೆ. ಜಂಬ, ಮತ್ತೇನಲ್ಲ.

ಬಿಡುಗಡೆ ಒಂದು ಭಾನುವಾರ ಮಧ್ಯಾಹ್ನ, ವಾಲ್ಥಮ್ ಪಾರ್ಕ್ ರಸ್ತೆಯ ಹಿಂದಿನ ಓಣಿಯ ಅಂಗಳವೊಂದರಲ್ಲಿ. ಇಂತಹ ಕೂಟಗಳಲ್ಲಿ ರೆಕಾರ್ಡು ಹಾಕುವ ಸ್ಟ್ಯಾನ್‌ಫರ್ಡ್ ತನ್ನ ಸೌಂಡ್ ಸಿಸ್ಟಮ್ ಕಟ್ಟಿದ್ದ. ಬೀರುವಿನಷ್ಟು ಎತ್ತರದ ಎಂಟು ಸ್ಪೀಕರ್ ಪೆಟ್ಟಿಗೆಗಳು. ಅಮ್ಮ ಚರ್ಚಿನಿಂದ ನೇರವಾಗಿ ಬಂದಳು, ನೇರಳೆ ಟೋಪಿ, ತೊಡೆಯ ಮೇಲೆ ಕೈಚೀಲ. ಇಂತಹ ಕಡೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಬಿಸಿಲೆಂದು ಪೆಟ್ಟಿಗೆಯ ನೆರಳಲ್ಲೇ ಕುರ್ಚಿ ಹಾಕಿ ಕೂರಿಸಿದರು.

“ಐದು ಗಂಟೆಗೆ ಸಂಜೆ ಪ್ರಾರ್ಥನೆಗೆ ಹೋಗ್ಬೇಕು. ಬೇಗ ಹಾಡಿಸಿಬಿಡು” ಎಂದಳು.

ನಾಲ್ಕು ಗಂಟೆಗೆ ಸ್ಟ್ಯಾನ್‌ಫರ್ಡ್ ನನ್ನ ಹಾಡನ್ನು ಹಾಕಿದ, ಅದೊಂದನ್ನೇ ಬೇರೆಯಾಗಿ ಒತ್ತಿಸಿದ್ದ ಪುಟ್ಟ ರೆಕಾರ್ಡು. ಬೇಸ್ ಶುರುವಾಯಿತು. ನಾಲ್ಕು ಸುತ್ತು ಮುಗಿದಿರಲಿಲ್ಲ, ಬೇಲಿಯ ತಗಡು ಧಡಧಡ ಎಂದಿತು. “ಮತ್ತೆ ಹಾಕೋ! ಮೊದ್ಲಿಂದ!” ಸ್ಟ್ಯಾನ್‌ಫರ್ಡ್ ಹಲ್ಲು ಕಿರಿದು ಮುಳ್ಳನ್ನು ಹಿಂದಕ್ಕೆಳೆದ. ಎರಡನೆಯ ಸಲ ಎಂಟು ಸುತ್ತು. ಮತ್ತೆ ಧಡಧಡ. ಮೂರನೆಯ ಸಲ ಹದಿನೈದನೆಯ ಸುತ್ತಿನವರೆಗೂ ಬಂತು. ಇನ್ನೊಂದೇ ಸುತ್ತು, ನನ್ನ ದನಿ ಗಂಟಲಲ್ಲಿ ನಿಂತಿತ್ತು. ಯಾರೋ ಒಬ್ಬಳು ಪಾತ್ರೆಯ ಮುಚ್ಚಳ ತಂದು ಬಡಿದಳು.

ಇನ್ನು ತಡೆಯಲಾರದೆ ಎರಡೂ ಕೈ ಬೀಸುತ್ತ ಸ್ಟ್ಯಾನ್‌ಫರ್ಡನ ಕಡೆಗೆ ಓಡಿದೆ. “ಬೇಡ್ವೋ! ಬಿಡೋ! ಓಡ್ಲಿ ಬಿಡೋ!” ಆ ಗದ್ದಲದಲ್ಲಿ ಮಾತು ಯಾರಿಗೆ ಕೇಳಿಸಬೇಕು? ಕೈ ಬೀಸಿದ್ದು ಮಾತ್ರ ಕಂಡಿತು. ನಮ್ಮಲ್ಲಿ ಕೈ ಬೀಸುವುದೆಂದರೆ ಮತ್ತೆ ಹಾಕು ಎಂದೇ. “ನೋಡ್ರೋ, ಹಾಡು ಮಾಡಿದೋನೇ ಕೇಳ್ತಿದ್ದಾನೆ!” ಎಂದು ಸ್ಟ್ಯಾನ್‌ಫರ್ಡ್ ಮೈಕಿನಲ್ಲಿ ಕೂಗಿದ. ಮತ್ತೆ ಮೊದಲಿಂದ.

ಐದನೆಯ ಸಲಕ್ಕೆ ಅವನು ರೆಕಾರ್ಡನ್ನೇ ಮಗುಚಿದ. ಆ ಬದಿಯಲ್ಲಿ ದನಿ ಇಲ್ಲ, ಬರೀ ಬೇಸ್ ಮತ್ತು ಡ್ರಮ್ಮು. ಪ್ರಿನ್ಸ್ ಟ್ಯಾಂಬೊ ಮೈಕ್ ಕಿತ್ತುಕೊಂಡು ತನ್ನ ಹೆಸರನ್ನು ಹೇಳಲು ಶುರುಮಾಡಿದ. ಅವನಾದ ಮೇಲೆ ಡೋರೆಟ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜನ ನನ್ನ ಬೆನ್ನು ತಟ್ಟಿದರು, ಇಂತಹ ಗೆಲುವು ಎಷ್ಟೋ ವರ್ಷದಿಂದ ಕಂಡಿಲ್ಲವೆಂದರು. ನನಗೆ ಅವರೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಬೇಕೆನಿಸಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಅಮ್ಮ ಎದ್ದಳು. ಟೋಪಿ ಓರೆಯಾಗಿತ್ತು. ಒಂದು ಕೈ ಎದೆಯ ಮೇಲಿತ್ತು.

“ಯಾಕೆ, ಏನಾಯ್ತಮ್ಮ?”

“ಏನಿಲ್ಲ. ಹಾಡು ಮುಗಿಯೋಕೆ ಯಾಕೆ ಬಿಡಲ್ಲ ಈ ಜನ? ಶಿಸ್ತಿಲ್ಲ.”

“ಮಾಡಿದ್ದುಣ್ಣೋ ಮಹಾರಾಯ ಅಂತ ನಾನೇ ಉಣ್ತಿದ್ದೀನಿ. ನಡಿ, ಬಿಟ್ಟುಬರ್ತೀನಿ” ಎಂದು ಸಿಡುಕಿದೆ.

ಒಂದೇ ಆಸೆ ಉಳಿದಿತ್ತು. ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ರೇಡಿಯೊದಲ್ಲಿ ನನ್ನ ಹಾಡು. ರೇಡಿಯೊಗೆ ಯಾರೂ ತಗಡು ಬಡಿಯುವುದಿಲ್ಲ. ಎಂಟಕ್ಕೇ ಅಮ್ಮನ ಅಡುಗೆಮನೆಯಲ್ಲಿದ್ದೆ. ಅವಳು ಜೋಳದ ಹಿಟ್ಟಿನ ಗಂಜಿ ಕಲಕುತ್ತಿದ್ದಳು.

ಹಾಡು ಬಂತು. ಹದಿನಾರು ಸುತ್ತು ಬೇಸ್ ಆ ಡಬ್ಬಿಯೊಳಗೆ ಬರೀ ಕರಕರ. ಅಮ್ಮ ಚಮಚ ನಿಲ್ಲಿಸಿದಳು. ಆಮೇಲೆ ನನ್ನ ದನಿ, ಸೊಳ್ಳೆಯಷ್ಟಾದರೂ ಸ್ಪಷ್ಟವಾಗಿ, ಒಂದೊಂದು ಮಾತೂ ಬಿಡಿಬಿಡಿಯಾಗಿ. ಅಮ್ಮ ಹುಬ್ಬು ಗಂಟಿಕ್ಕಿದಳು.

“ಯಾರಪ್ಪ ಇವನು? ಮಶೀನು ಮಶೀನು ಅಂತ ಬಾಯಲ್ಲಿ ಹೇಳ್ತಾನೆ. ಮಶೀನೇ ಇಲ್ಲ.”

“ಅಂದ್ರೆ?”

“ನಿನ್ನೆ ಆ ಪೆಟ್ಟಿಗೆಯೊಳಗೆ ನನ್ನ ಮಶೀನು ಓಡ್ತಿತ್ತಲ್ಲೋ, ಇಲ್ಲಿಗೆ ಹೊಡೀತಿತ್ತು.” ಎದೆಗೂಡಿನ ಮೇಲೆ ಕೈಯಿಟ್ಟು ತೋರಿಸಿದಳು. “ಕಾಲು ತಾನೇ ತುಳಿಯೋಕೆ ಶುರುಮಾಡ್ತು. ಓಹೋ, ಇದು ನಮ್ಮ ಎಗ್ಬರ್ಟ್ ಅಂತ ಆಗ್ಲೇ ಗೊತ್ತಾಯ್ತು. ಅದೆಲ್ಲಿ?”

“ಹಾಡ್ತಿರೋದೂ ನಾನೇ ಅಮ್ಮ.”

ಅವಳು ನನ್ನನ್ನೂ ರೇಡಿಯೊವನ್ನೂ ಒಂದು ಸಲ ನೋಡಿದಳು.

“ಹಾಗಾದ್ರೆ ಸ್ವಲ್ಪ ಬಾಯಿ ಮುಚ್ಚಪ್ಪ, ನೀನು ಕೇಳಿಸ್ಬೇಕು.”

ಒಲೆ ಆರಿಸಿ ಮುಂದಿನ ಕೋಣೆಗೆ ನಡೆದಳು. ಗಾಜಿನ ಹಂಸವನ್ನು ಎತ್ತಿ ನನ್ನ ಕೈಗೆ ಕೊಟ್ಟಳು, ಕ್ರೋಶಾ ಬಟ್ಟೆ ತೆಗೆದು ಮಡಚಿಟ್ಟಳು, ಸೆಟ್ಟಿನ ಹಿಂದೆ ಬಗ್ಗಿ ಪ್ಲಗ್ ಹುಡುಕಿ ಸಿಕ್ಕಿಸಿದಳು. ಅದು ಉಸಿರು ತೆಗೆದುಕೊಂಡು ಸ್ಟೇಷನ್ ಹಿಡಿಯುವ ಹೊತ್ತಿಗೆ ಹಾಡು ಮುಗಿದು, ಒಬ್ಬ ಗಂಡಸು ಭಾರವಾದ ದನಿಯಲ್ಲಿ ಹವಾಮಾನ ಓದುತ್ತಿದ್ದ.

ಅಮ್ಮ ಅಂಗೈ ಎತ್ತಿ ಹಲಗೆಯ ಗೋಡೆಗೆ ಧಡಧಡ ಬಡಿದಳು.

“ಮತ್ತೆ ಹಾಕೋ! ಮೊದ್ಲಿಂದ!”