ಒರೆಸಿ ಬರೆದ ಮುಖ

ಪ್ರೊಜೆಕ್ಟರಿನ ಬಿಸಿ ಗಾಳಿ ಮೊಣಕೈಗೆ ತಾಗುತ್ತಿದೆ, ಸುಟ್ಟ ಧೂಳಿನ ವಾಸನೆ, ಕಪ್ಪು ಪರದೆ ಸರಿಸಿಕೊಂಡು ಯಾರೋ ಒಳಗೆ ಬರುತ್ತಾರೆ, ಪರದೆ ಬೀಳುತ್ತದೆ, ಮತ್ತೆ ಕತ್ತಲೆ, ಗೋಡೆಯ ಮೇಲೆ ಇದ್ದಿಲಿನ ಹುಡುಗಿ ನಮಗೆ ಬೆನ್ನು ಮಾಡಿ ಕೂತು ಜಡೆ ಹೆಣೆಯುತ್ತಿದ್ದಾಳೆ, ಇನ್ನು ಸ್ವಲ್ಪ ಹೊತ್ತಿಗೆ ತಿರುಗುತ್ತಾಳೆ, ತಿರುಗಬಾರದು, ವೈರು ಕಿತ್ತುಬಿಡಲೇ, ಕರೆಂಟು ಹೋಯಿತು ಅಂದರಾಯಿತು — ತಿರುಗಿದಳು. ಬಲ ಹುಬ್ಬಿನ ಮೇಲೆ ಆ ಗೆರೆ. ಎಷ್ಟು ಜೀವ ಇದೆ ಅಂತ ಕತ್ತಲಲ್ಲಿ ಯಾರೋ ಅನ್ನುತ್ತಾರೆ, ನಾನು ಕೂದಲನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತೇನೆ, ಇಲ್ಲಿ ನನ್ನ ಮುಖ ಯಾರು ನೋಡುತ್ತಾರೆ, ಆದರೂ ಕೈ ಸುಮ್ಮನಿರುವುದಿಲ್ಲ. ನರ್ಸಮ್ಮ ಇನ್ನೂ ಬಂದಿಲ್ಲ. ಮೊದಲೇ ನೋಡಲ್ಲ, ಎಲ್ಲರ ಜೊತೆ ನೋಡ್ತೀನಿ, ಒಳ್ಳೆ ಬಟ್ಟೆ ಹಾಕ್ಕೊಂಡು ಬರ್ತೀನಿ, ತಂಗೀನ ನೋಡೋಕೆ ತಾನೇ ಬರೋದು ಅಂದಿದ್ದಾರೆ.

ಬೇಸಿಗೆಯ ಕೋರ್ಸು, ಚಿತ್ರಗಳನ್ನು ಚಲಿಸುವ ಹಾಗೆ ಮಾಡುವುದು, ಆಮೇಲೆ ಒಂದು ಕೋಣೆಯನ್ನೇ ಕಲಾಕೃತಿ ಮಾಡಿ ಅವನ್ನು ಅದರೊಳಗೆ ಕೂರಿಸುವುದು — ಗೋಡೆ ಮೇಲೆ ಗೀಚೋದು ಕಲಿಯೋಕೆ ಶಾಲೆ ಒಂದು ಕೇಡು, ಚಿಕ್ಕವಳಿದ್ದಾಗ ಅದಕ್ಕೇ ಒದೆ ತಿಂತಿದ್ದೆಯಲ್ಲ ಅಂದಿದ್ದಳು ಅಮ್ಮ, ಒದೆ ಇನ್ನೂ ಬಾಕಿ ಇದೆ ಅಮ್ಮಾ. ಇಬ್ಬಿಬ್ಬರ ಜೋಡಿ ಅಂದರು ಮೇಡಂ, ಎಲ್ಲರೂ ತಮ್ಮ ತಮ್ಮ ವಯಸ್ಸಿನವರನ್ನು ಹಿಡಿದುಕೊಂಡರು, ನನ್ನ ಪಾಲಿಗೆ ಉಳಿದವರು ಆಸ್ಪತ್ರೆಯಿಂದ ರಿಟೈರಾದ ನರ್ಸಮ್ಮ, ನಾನು ಮುಖ ಸಿಂಡರಿಸಿದ್ದನ್ನು ನೋಡಿರಬೇಕು, ನೋಡಿಯೂ ನನ್ನ ಬ್ಯಾಗಿಗೆ ಜಾಗ ಮಾಡಿಕೊಟ್ಟರು. ಅವರು ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯುವುದು, ನಾನು ಒಂದು ಫೋಟೋ ತೆಗೆಯುವುದು, ಅವರು ಬಟ್ಟೆಯಿಂದ ಒರೆಸಿ ಕೂದಲೆಳೆಯಷ್ಟು ಸರಿಸಿ ಮತ್ತೆ ಬರೆಯುವುದು, ಮತ್ತೆ ಫೋಟೋ, ಗೋಡೆಯಲ್ಲಿ ಏನೂ ಉಳಿಯುವುದಿಲ್ಲ, ಉಳಿಯುವುದು ಕ್ಯಾಮರಾದಲ್ಲಿ ಮಾತ್ರ, ಕ್ಯಾಮರಾ ನನ್ನ ಕೈಯಲ್ಲಿ. ತೆಗೆದ್ಯಾ ಮರಿ — ಹ್ಞೂ, ತೆಗೆದೆ, ಒರೆಸಿ.

ಅವರು ಬರೆಯುತ್ತಿದ್ದದ್ದು ತಮ್ಮ ತಂಗಿಯನ್ನು, ಹದಿನಾರಕ್ಕೇ ಜ್ವರದಲ್ಲಿ ಹೋದಳಂತೆ, ಒಂದೂ ಫೋಟೋ ಇಲ್ಲವಂತೆ, ಶಾಲೆಯ ಗ್ರೂಪ್ ಫೋಟೋ ದಿನವೂ ಏನೋ ಹಟ ಹಿಡಿದು ಮನೆಯಲ್ಲೇ ಕೂತಳಂತೆ, ಹೇಳುತ್ತಾ ನಗುತ್ತಿದ್ದರು. ಜಡೆ ಬಂತು, ಬೆನ್ನು ಬಂತು, ಮುಖ ಮಾತ್ರ ಬರುವುದಿಲ್ಲ ಅಂತ ದಿನಗಟ್ಟಲೆ ಒದ್ದಾಡಿದರು, ಆ ಬೆಳಿಗ್ಗೆ ಏನಾಯಿತೋ, ಊಟದ ಪರಿವೆಯೂ ಇಲ್ಲದೆ ಬರೆದರು, ಒರೆಸಿದರು, ಬರೆದರು, ನಾನು ಒಂದು ಕೈಯಲ್ಲಿ ಗುಂಡಿ ಒತ್ತುತ್ತಾ ಇನ್ನೊಂದರಲ್ಲಿ ಫೋನು ಹಿಡಿದು ಗೆಳತಿಗೆ ಏನೋ ಹಾಳುಮೂಳು ಕಳಿಸುತ್ತಾ, ತೆಗೆದ್ಯಾ, ತೆಗೆದೆ, ಒರೆಸಿ. ಕಾರ್ಡು ತುಂಬಿದೆ ಅಂತ ಕ್ಯಾಮರಾ ಯಾವಾಗಿನಿಂದ ಹೇಳುತ್ತಿತ್ತೋ. ಜಡೆ ಮುಗಿದಲ್ಲಿಗೆ ಫೋಟೋಗಳೂ ಮುಗಿದಿದ್ದವು, ಮುಖ ಒಂದೂ ಇಲ್ಲ, ಹೇಳಬೇಕು ಅಂತ ತಿರುಗಿದರೆ ಅವರು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದಾರೆ, ಕಪ್ಪು ನೀರು ಹರಿಯುತ್ತಿದೆ, ಅಳುತ್ತಿದ್ದಾರೋ ನಗುತ್ತಿದ್ದಾರೋ, ಬಂದ್ಬಿಟ್ಲು ಕಣೇ, ಇನ್ನೊಂದ್ಸಲ ಬರಿ ಅಂದ್ರೆ ನನ್ನ ಕೈಲಾಗಲ್ಲ, ಎಲ್ಲಾ ಬಂದಿದೆ ತಾನೇ? ಹ್ಞೂ ಅಂದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು, ನಾಚಿಕೆಗೆಟ್ಟದ್ದು.

ಆ ಮುಖ ನೋಡಿದ ಇನ್ನೊಂದು ಜೀವ ಅಂದರೆ ನಾನೊಬ್ಬಳೇ, ನಾನಾದರೂ ನೋಡಿದ್ದೆನೇ, ಭಾನುವಾರ ಬೆಳಿಗ್ಗೆ ಖಾಲಿ ಕೋಣೆಯ ಬೀಗ ತೆಗೆಸಿ ಗೋಡೆಯ ಮುಂದೆ ನಿಂತರೆ ಏನೂ ನೆನಪಿಲ್ಲ, ಹಲ್ಲು ಸ್ವಲ್ಪ ಸೊಟ್ಟ ಇತ್ತೇ, ತುಟಿಗಿಂತ ಕಣ್ಣು ಮೊದಲು ನಗುತ್ತಿತ್ತೇ, ಗೆಳತಿಗೆ ಕಳಿಸಿದ ಹಾಳು ಜೋಕು ಮಾತ್ರ ಅಕ್ಷರ ಬಿಡದೆ ನೆನಪಿದೆ. ಕೊನೆಗೆ ಸ್ಟೂಲಿನ ಮೇಲೆ ಕೂತು, ತಿರುಗಿ, ನನ್ನದೇ ವಿಡಿಯೋ ತೆಗೆದುಕೊಂಡೆ, ಅದನ್ನು ನೋಡಿ ನೋಡಿ ಬರೆದೆ, ಫೋಟೋ ತೆಗೆದೆ, ಒರೆಸಿದೆ, ಅವರ ಕೈಯ ಒರಟು ಗೆರೆಗಳನ್ನು ಅನುಕರಿಸಿದೆ, ಮೂಗು ಚೂರು ಮೊಂಡು ಮಾಡಿದೆ, ಗಲ್ಲ ತುಂಬಿಸಿದೆ, ಕಳ್ಳತನವನ್ನು ಅಚ್ಚುಕಟ್ಟಾಗಿಯೇ ಮಾಡಿದೆ, ಆದರೆ ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬಿದ್ದು ಹುಬ್ಬು ಸೀಳಿಕೊಂಡಿದ್ದೆನಲ್ಲ, ಆ ಗಾಯದ ಗೆರೆಯೂ ಕೈತಪ್ಪಿ ಬಂದುಬಿಟ್ಟಿತ್ತು, ಇವತ್ತು ಗೋಡೆ ತುಂಬ ದೊಡ್ಡದಾಗಿ ಬಿದ್ದ ಮೇಲೆಯೇ ನನಗೆ ಕಂಡದ್ದು.

ಪರದೆ ಸರಿಯಿತು, ಸೋಪಿನ ವಾಸನೆ, ನರ್ಸಮ್ಮ. ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು, ನಾಡಿ ನೋಡಿ ನೋಡಿ ಪಳಗಿದ ಬೆರಳು ನನ್ನ ಮಣಿಕಟ್ಟಿನ ಮೇಲಿದೆ, ಗೊತ್ತಾಗುತ್ತದೆ, ಈಗ ಗೊತ್ತಾಗೇ ಆಗುತ್ತದೆ, ಆಗಲಿ, ಇದ್ಯಾರ ಮುಖನೇ ಅಂತ ಕೆನ್ನೆಗೆ ಬಾರಿಸಲಿ, ತಪ್ಪಾಯಿತು ಅಂತ ಕಾಲು ಹಿಡಿಯುತ್ತೇನೆ, ಬಾರಿಸಲಿ — ತಿರುಗಿದಳು. ನರ್ಸಮ್ಮ ಉಸಿರು ಬಿಡುತ್ತಿಲ್ಲ. ಇನ್ನೊಂದು ಸುತ್ತು ಬಂತು, ಜಡೆ, ಭುಜ, ಮುಖ. ಹೌದು, ಇವಳೇ, ಅಂದರು ಮೆಲ್ಲಗೆ, ಆ ಹುಬ್ಬಿನ ಗಾಯ ನೋಡು, ನಂಗೆ ಮರೆತೇ ಹೋಗಿತ್ತು ಕಣೇ, ಬರೆದಿದ್ದೂ ಜ್ಞಾಪಕ ಇಲ್ಲ, ಮೆಟ್ಟಿಲಿಂದ ಬಿದ್ದಿದ್ಲು, ನಾನೇ ಎತ್ಕೊಂಡು ಓಡಿದ್ದೆ, ಈಗ ನೆನಪಾಗ್ತಿದೆ, ರಕ್ತ ಎಲ್ಲ ನನ್ನ ಅಂಗಿ ಮೇಲೆ. ಅಲ್ಲ ನರ್ಸಮ್ಮ, ಅದು — ಹೇಳಿದರೆ ಇವಳನ್ನೂ ಒರೆಸಿದ ಹಾಗೆ, ನಿಜವಾದವಳು ಇದ್ದದ್ದು ಇವರ ತಲೆಯೊಳಗೆ ಮಾತ್ರ, ಅಲ್ಲಿಂದಲೂ ಈಗ ನನ್ನ ಕಣ್ಣೆದುರಿಗೇ ಹೋದಳು, ಅವರು ಕಣ್ಣು ಮುಚ್ಚುತ್ತಾರೆ, ಕಣ್ಣು ಮುಚ್ಚಿದ್ರೂ ಕಾಣ್ತಾಳೆ ಅನ್ನುತ್ತಾರೆ, ಜಡೆ, ಭುಜ, ಹುಬ್ಬು, ನನ್ನ ಗಾಯ, ಜಡೆ, ಭುಜ, ನನ್ನ ಗಾಯ, ನನ್ನ ಗಾಯ