ಜಯರಾಮ ಹಾರಿದ ಗುಂಡಿ

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯ ಮುನಿಸ್ವಾಮಪ್ಪ ದಿನಾ ರೈಲು ಹತ್ತಿ ಉರಿಗಾಂ ಚಿನ್ನದ ಗಣಿಗೆ ಕೂಲಿಗೆ ಹೋಗುತ್ತಾನೆ. ಮಗ ಜಯರಾಮ, ಮಗಳು ಅಕ್ಕಯ್ಯಮ್ಮ ಊರಿನ ಸ್ಕೂಲಿನಲ್ಲಿ ಓದುತ್ತಿದ್ದರು. ಸ್ಕೂಲಿನಲ್ಲಿ ಡ್ರಿಲ್ ಇತ್ತು, ಡ್ರಿಲ್ ಕಲಿತ ಮೇಷ್ಟ್ರಿರಲಿಲ್ಲ. ಲೆಕ್ಕದ ಮೇಷ್ಟ್ರೇ ಬೆತ್ತ ಹಿಡಿದು ಮಕ್ಕಳನ್ನು ಓಡಿಸುತ್ತಿದ್ದರು.

೧೯೩೮ರ ಬೇಸಿಗೆ. ಒಂದು ಮಧ್ಯಾಹ್ನ ಆ ಮೇಷ್ಟ್ರು ಹುಡುಗರಿಗೆ ಉದ್ದ ಹಾರಿ ಎಂದರು. ಬೀಳುವ ಗುಂಡಿಗೆ ಮರಳು ಹಾಕಿರಲಿಲ್ಲ, ಬರೀ ಕಲ್ಲುನೆಲ. ಜಯರಾಮನಿಗೆ ಹಾರುವುದೆಂದರೆ ಪ್ರಾಣ. ಹಾರಿದ. ಬಲಮಂಡಿ ನುಚ್ಚಾಯಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದ. ಕಾಲು ಮಡಿಸಲು ಮತ್ತೆ ಬರಲೇ ಇಲ್ಲ.

ಅಂದಿನಿಂದ ಮುನಿಸ್ವಾಮಪ್ಪ ಮಗಳನ್ನು ಆಟಕ್ಕೆ ಬಿಡಲಿಲ್ಲ. ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದರೂ ಗದರುತ್ತಿದ್ದ. ಹುಡುಗಿ ಮಂಕಾದಳು. ಊಟ ಸೇರದು, ಪಾಠದಲ್ಲಿ ತೂಕಡಿಕೆ. ತಾಯಿ ಕದಿರಮ್ಮ ತಡೆಯಲಾರದೆ ಅಮ್ಮಾಜಮ್ಮನವರನ್ನು ಮನೆಗೆ ಕರೆತಂದಳು. ಅವರು ಬಂಗಾರಪೇಟೆಯ ಹೆಣ್ಣುಮಕ್ಕಳ ಸ್ಕೂಲಿನ ಟೀಚರು, ಬೆಂಗಳೂರಿನಲ್ಲಿ ವ್ಯಾಯಾಮ ಕಲಿಸುವ ತರಬೇತಿ ಪಡೆದವರು.

ಬೆಳೆಯುವ ಮೈಗೆ ಅನ್ನದಷ್ಟೇ ಆಟವೂ ಬೇಕು ಎಂದರು ಅವರು. ಕಲಿತ ಮೇಷ್ಟ್ರಾದರೆ ಮೊದಲು ನೆಲ ನೋಡುತ್ತಾರೆ, ಬಿಸಿಲು ನೋಡುತ್ತಾರೆ, ಮೈ ಸಡಿಲ ಮಾಡಿಸಿ ಆಮೇಲೆ ಓಡಿಸುತ್ತಾರೆ, ಕೈಲಾಗದ ಮಗುವನ್ನು ಹೊಡೆದು ಹಾರಿಸುವುದಿಲ್ಲ ಎಂದು ಬಿಡಿಸಿ ಹೇಳಿದರು.

"ಕಟ್ಟೆ ಇಲ್ಲದ ಬಾವಿಗೆ ಮಗು ಬಿದ್ರೆ ಕಟ್ಟೆ ಕಟ್ತೀವಿ. ನೀರು ಕುಡಿಯೋದು ಬಿಡ್ತೀವಾ, ಮುನಿಸ್ವಾಮಪ್ಪ?"

"ಬಿದ್ದ ಮಗೀನ ಆ ಕಟ್ಟೆ ಎತ್ತಿ ಕೊಡ್ತದಾ, ತಾಯಿ?"

ಗೋಡೆಗೊರಗಿ ಕೂತಿದ್ದ ಜಯರಾಮ ಮೆಲ್ಲಗೆ ಹೇಳಿದ:

"ಅಪ್ಪಾ, ನನ್ ಕಾಲಂತೂ ಓಯ್ತು. ಅವ್ಳಿಗೆ ಕಾಲಿದ್ದೂ ಇಲ್ದಂಗೆ ಮಾಡ್ಬ್ಯಾಡ."

ಮುನಿಸ್ವಾಮಪ್ಪ ಎದ್ದು ಹೊರಗೆ ಹೋದ. ಮರುದಿನ ಕೂಲಿ ಬಿಟ್ಟು ಸ್ಕೂಲಿಗೆ ನಡೆದ. ಡ್ರಿಲ್ ಮೇಷ್ಟ್ರು ಬೇಕೆಂದು ನಾವೂ ಮೇಲಿನವರನ್ನು ಕೇಳಿ ಸೋತಿದ್ದೇವೆ ಎಂದು ಹೆಡ್ ಮೇಷ್ಟ್ರು ಕೈಚೆಲ್ಲಿದರು. ಗುಂಡಿಗೆ ಮರಳು ಹಾಕೋಣ ಬನ್ನಿ ಎಂದು ಮುನಿಸ್ವಾಮಪ್ಪ ಮನೆಮನೆಗೆ ಹೋಗಿ ಕರೆದ. ಬಂದವರು ಒಬ್ಬಿಬ್ಬರು. ಅವರೇ ಹಳ್ಳದಿಂದ ಗಾಡಿಯಲ್ಲಿ ಮರಳು ತಂದು ಗುಂಡಿ ತುಂಬಿದರು. ಭಾನುವಾರ ಅಮ್ಮಾಜಮ್ಮ ಬಂದು ಮಕ್ಕಳನ್ನು ಆಡಿಸುತ್ತಾರೆ. ಅಕ್ಕಯ್ಯಮ್ಮ ಓಡುತ್ತಾಳೆ. ಜಯರಾಮ ಆ ಕಡೆ ಸುಳಿಯುವುದಿಲ್ಲ. ಮಕ್ಕಳ ಕೂಗು ಕೇಳಿದರೆ ಬಾಗಿಲು ಮುಂದೆ ಮಾಡುತ್ತಾನೆ. ಕಲಿತ ಮೇಷ್ಟ್ರು ಸ್ಕೂಲಿಗೆ ಇವತ್ತಿಗೂ ಬಂದಿಲ್ಲ.

ತಾಯಿತಂದೆಯರೇ, ನಿಮ್ಮ ಮಕ್ಕಳ ಸ್ಕೂಲಿಗೆ ಒಮ್ಮೆ ಹೋಗಿ. ಅವರು ಆಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಆಟ ಹೇಳಿಕೊಡುವವರು ಅದನ್ನು ಕಲಿತವರೇ ಎಂದು ಕೇಳಿ. ಅಲ್ಲ ಎಂದರೆ ಸುಮ್ಮನೆ ವಾಪಸ್ಸು ಬರಬೇಡಿ, ನಾಲ್ಕು ಜನ ಸೇರಿಕೊಂಡು ಮತ್ತೆ ಹೋಗಿ. ಮುನಿಸ್ವಾಮಪ್ಪ ಕೇಳಿದ್ದು ಮಗನ ಕಾಲು ಹೋದ ಮೇಲೆ. ನೀವು ಈಗಲೇ ಕೇಳಿ.